ಮನೆ ಚಿಕ್ಕದು ಮಾಡ್ಕೊಳ್ಳೋವಾಗ ಹಳೇ ಸಾಮಾನಿಗೆ ಬೆಲೆ ಕಟ್ಟಿಸೋದು ಹೇಗೆ?

ಪ್ರಶ್ನೆ: ನನಗೆ 71 ವರ್ಷ, ನಮ್ಮ ಯಜಮಾನ್ರಿಗೆ 76. ಮೈಸೂರು ಸರಸ್ವತಿಪುರಂನ ಮನೆ ಖಾಲಿ ಮಾಡಿ ಬೆಂಗಳೂರಲ್ಲಿ ಮಗನ ಮನೆ ಹತ್ತಿರ ಎರಡು ಬೆಡ್‌ರೂಮಿನ ಫ್ಲಾಟ್‌ಗೆ ಹೋಗ್ತಿದೀವಿ. ಮಗಳು ಅಮೆರಿಕದಲ್ಲಿದಾಳೆ. ನಮ್ಮತ್ತೆ ಕಾಲದ ಬೀಟೆ ಮರದ ಇನ್ಲೇ ಟೇಬಲ್, ಮೈಸೂರು ಶೈಲಿಯ ಪಟ್ಟಾಭಿಷೇಕದ ಚಿತ್ರ, ರವಿವರ್ಮನ ಪ್ರಿಂಟ್‌ಗಳು, ದೇವರಮನೆಯ ಪಂಚಲೋಹದ ಕೃಷ್ಣ, ಒಂದು ಕಟ್ಟು ತಾಳೆಗರಿ, ತಾಮ್ರದ ಹಂಡೆ ಹಿತ್ತಾಳೆ ಪಾತ್ರೆ, ಯಜಮಾನ್ರ ಹಳೇ ಎಚ್‌ಎಂಟಿ ವಾಚುಗಳು, ನನ್ನ ಒಡವೆ, ಹಳೇ ಜರಿ ಸೀರೆಗಳು ಇವೆ. ಆಂಟಿಕ್ ವ್ಯಾಪಾರಿ ಒಬ್ಬರು ಬಂದು ನೋಡಿ ಒಡವೆ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಒಟ್ಟಿಗೆ 85 ಸಾವಿರ ಕೊಡ್ತೀನಿ ಅಂದಿದಾರೆ. ಕೊಡಬಹುದಾ? ಸರಿಯಾದ ಬೆಲೆ ಯಾರನ್ನ ಕೇಳಬೇಕು?

ಉತ್ತರ: ಅಮ್ಮಾ, ಈಗ ಏನೂ ಕೊಡಬೇಡಿ. ಇನ್ನೂ ತೀರ್ಮಾನ ಮಾಡಿಲ್ಲ ಅಂತ ಹೇಳಿ ಕಳಿಸಿಬಿಡಿ. ಬಂದಿದ್ದವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ, ಆದ್ರೆ ಬೆಲೆ ಹೇಳೋರೂ ಕೊಂಡ್ಕೊಳ್ಳೋರೂ ಒಬ್ಬರೇ ಆದಾಗ ಆ ಬೆಲೆ ಕೊಳ್ಳೋರ ಕಡೆಗೇ ವಾಲಿರತ್ತೆ, ಅದು ವ್ಯಾಪಾರದ ಸ್ವಭಾವ. ಅದರಲ್ಲೂ "ಎಲ್ಲಾ ಸೇರಿಸಿ ಇಷ್ಟು" ಅನ್ನೋ ಲೆಕ್ಕ ಇದೆಯಲ್ಲ, ಅದರಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ವಸ್ತುವಿನ ಮೇಲೆ ಅವರ ಕಣ್ಣಿರತ್ತೆ, ಪೂರ್ತಿ ದುಡ್ಡು ಅದರಲ್ಲೇ ಹುಟ್ಟತ್ತೆ, ಮಿಕ್ಕಿದ್ದು ಪುಕ್ಕಟೆ ಬಂದ ಹಾಗೆ. ನಿಮ್ಮ ಪಟ್ಟಿ ನೋಡಿದ್ರೆ ಆ ಒಂದೆರಡು ಯಾವುದಿರಬಹುದು ಅಂತ ನನಗೆ ಅಂದಾಜಿದೆ, ಮುಂದೆ ಹೇಳ್ತೀನಿ.

ಅದಕ್ಕೂ ಮುಂಚೆ ಒಂದು ವಿಷಯ ನೀವೂ ಯಜಮಾನ್ರೂ ಕೂತು ಮಾತಾಡ್ಕೊಳ್ಳಿ, ಬೆಲೆ ಕಟ್ಟಿಸ್ತಿರೋದು ಯಾತಕ್ಕೆ ಅಂತ. ಮಾರೋಕಾ, ಮಕ್ಕಳಿಗೆ ಹಂಚೋಕಾ, ಇನ್ಶೂರೆನ್ಸ್‌ಗಾ, ಟ್ಯಾಕ್ಸ್ ಲೆಕ್ಕಕ್ಕಾ. ಒಂದೇ ಟೇಬಲ್‌ಗೆ ಈ ನಾಲ್ಕಕ್ಕೂ ನಾಲ್ಕು ಬೆಲೆ ಬರತ್ತೆ ಮತ್ತೆ ನಾಲ್ಕೂ ಸರೀನೇ. ಇನ್ಶೂರೆನ್ಸ್‌ಗೆ ಬರೆಯೋದು ಅಂಥದ್ದೇ ಇನ್ನೊಂದು ಇವತ್ತು ಕೊಳ್ಳಬೇಕಾದ್ರೆ ಎಷ್ಟಾಗತ್ತೆ ಅಂತ, ಅದು ಎಲ್ಲಕ್ಕಿಂತ ದೊಡ್ಡ ನಂಬರ್. ಅವಸರ ಇಲ್ಲದೆ, ತಿಳಿದ ಇಬ್ಬರ ನಡುವೆ ಮಾರಿದ್ರೆ ಬರೋದು ಅದಕ್ಕಿಂತ ಕಮ್ಮಿ. ಮುಂದಿನ ತಿಂಗಳು ಮನೆ ಖಾಲಿ ಮಾಡಬೇಕು ಅಂತ ಮಾರಿದ್ರೆ ಬರೋದು ಎಲ್ಲಕ್ಕಿಂತ ಕಮ್ಮಿ. ಯಾರೋ ನೆಂಟರು "ನಮ್ಮ ಪೇಂಟಿಂಗ್‌ಗೆ 3 ಲಕ್ಷ ಅಂದ್ರು" ಅಂತ ಹೇಳಿದಾಗ ಅದು ಯಾವ ಬೆಲೆ ಅಂತ ಕೇಳದೇ ಇದ್ರೆ ಸುಮ್ನೆ ಆಸೆ ಬೆಳೆಯತ್ತೆ, ಆಮೇಲೆ ಮನೇಲಿ ಮನಸ್ತಾಪ. ಅದಕ್ಕೇ ವ್ಯಾಲ್ಯುಯರ್ (ಬೆಲೆ ಕಟ್ಟಿಕೊಡೋರು) ಹತ್ರ ಹೋದಾಗ ಮೊದಲ ವಾಕ್ಯದಲ್ಲೇ ಉದ್ದೇಶ ಹೇಳಿ, ರಿಪೋರ್ಟ್‌ನಲ್ಲೂ ಅದನ್ನ ಬರೆಸಿ.

ಈಗ ಕಾನೂನಿನ ವಿಷಯ. ನಿಮ್ಮ ಪಟ್ಟಿಯಲ್ಲಿ ಮೂರು ನಾಲ್ಕು ವಸ್ತುಗಳಿಗೆ ಬೆಲೆಗಿಂತ ಮೊದಲು ಇದು ನೋಡ್ಬೇಕು.

ಇನ್ಲೇ ಟೇಬಲ್‌ನಲ್ಲಿ ಬಿಳಿ ಭಾಗ ಯಾವುದರದ್ದು ಅನ್ನೋದು ಮುಖ್ಯ ಪ್ರಶ್ನೆ (ಇನ್ಲೇ ಅಂದ್ರೆ ಮರದೊಳಗೆ ಬೇರೆ ವಸ್ತುವಿನ ಚೂರು ಕೂರಿಸಿ ಮಾಡೋ ಚಿತ್ತಾರ). ಮೈಸೂರಿನ ಬೀಟೆ ಇನ್ಲೇ ಕೆಲಸದಲ್ಲಿ ಹಿಂದೆ ಆನೆ ದಂತಾನೇ ಹಾಕ್ತಿದ್ರು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಿಧಾನಕ್ಕೆ ಪ್ಲಾಸ್ಟಿಕ್ಕು, ಬೇರೆ ಬೇರೆ ಬಣ್ಣದ ಮರ ಬಂತು. ನಿಮ್ಮತ್ತೆ ಕಾಲದ್ದು ಅಂದ್ರೆ ದಂತ ಇರೋ ಸಾಧ್ಯತೆ ಇದೆ. ದಂತ ಆಗಿದ್ರೆ ಅದನ್ನ ಮಾರೋ ಹಾಗಿಲ್ಲ, ಬೆಲೆ ಎಷ್ಟು ಅನ್ನೋ ಮಾತೇ ಬರಲ್ಲ. 1986ರಲ್ಲಿ ಭಾರತದ ಆನೆ ದಂತದ ವ್ಯಾಪಾರ ನಿಂತು 1991ರಲ್ಲಿ ಆಫ್ರಿಕಾದಿಂದ ಬಂದಿದ್ದರ ವ್ಯಾಪಾರಾನೂ ನಿಂತು ಹೋಯ್ತು. ಹಿರಿಯರಿಂದ ಮಕ್ಕಳಿಗೆ ಪಾರಂಪರ್ಯವಾಗಿ ಬರಬಹುದು, ಆದ್ರೆ ಇಟ್ಕೊಳ್ಳೋಕೂ ಹಿಂದೆ ಅರಣ್ಯ ಇಲಾಖೆಗೆ ಡಿಕ್ಲೇರ್ ಮಾಡಿ ಮಾಲೀಕತ್ವದ ಸರ್ಟಿಫಿಕೇಟ್ ತಗೊಂಡಿರಬೇಕು. ಯಜಮಾನ್ರ ಹಳೇ ಫೈಲ್‌ನಲ್ಲಿ ಅಂಥ ಕಾಗದ ಇದೆಯಾ ಹುಡುಕಿ. ಇಲ್ಲ ಅಂದ್ರೆ ಟೇಬಲ್ ಸಾಗಿಸೋಕೆ ಮುಂಚೆ ಒಬ್ಬ ವಕೀಲರನ್ನ ಕಂಡು ಅವರ ಮೂಲಕ ಅರಣ್ಯ ಇಲಾಖೆ ಹತ್ರ ಮಾತಾಡಿ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ವಿಷಯ ಟಿವಿಯಲ್ಲೆಲ್ಲ ಬಂದಾಗ ಎಷ್ಟು ಮನೆಗಳಲ್ಲಿ ಬೀರು ತೆಗೆದು ನೋಡಿದ್ರು ಅಂತ ನಿಮಗೆ ನೆನಪಿರತ್ತೆ. ಜಿಂಕೆ ಕೊಂಬು, ಹುಲಿ ಉಗುರು, ಗೋಡೆಗೆ ಹಾಕಿದ ಪ್ರಾಣಿ ತಲೆ ಎಲ್ಲ ಇದೇ ಕಾನೂನಿನ ಕೆಳಗೆ ಬರತ್ತೆ.

ದಂತಾನಾ ಅಂತ ನೋಡೋಕೆ ದಯವಿಟ್ಟು ಬಿಸಿ ಸೂಜಿ ಚುಚ್ಚೋ ಪರೀಕ್ಷೆ ಮಾಡಬೇಡಿ, ಕೆಲವರು ಹೇಳಿಕೊಡ್ತಾರೆ, ವಸ್ತು ಹಾಳಾಗತ್ತೆ ಅಷ್ಟೆ. ಅಡ್ಡ ಸೀಳಿದ ದಂತದಲ್ಲಿ ಒಂದರ ಮೇಲೊಂದು ದಾಟೋ ಸಣ್ಣ ಗೆರೆಗಳ ಜಾಲ ಕಾಣತ್ತೆ, ಮೂಳೆಯಲ್ಲಿ ಸಣ್ಣ ಸಣ್ಣ ಚುಕ್ಕಿ ಗುಳಿ ಇರತ್ತೆ, ಪ್ಲಾಸ್ಟಿಕ್ ಎರಡೂ ಇಲ್ಲದೆ ಒಂದೇ ಸಮ ಇರತ್ತೆ. ಇನ್ಲೇ ಚೂರುಗಳು ತೆಳು ಆಗಿರೋದ್ರಿಂದ ಭೂತಗನ್ನಡಿ ಹಿಡಿದ್ರೂ ಮನೇಲಿ ಖಚಿತ ಆಗಲ್ಲ, ತಿಳಿದವರು ನೋಡ್ಬೇಕು.

ಪಂಚಲೋಹದ ಕೃಷ್ಣ, ಪಟ್ಟಾಭಿಷೇಕದ ಚಿತ್ರ, ತಾಳೆಗರಿ ಇವು ಇನ್ನೊಂದು ಕಾನೂನಿಗೆ ಬರಬಹುದು, ಅದೂ 1972ರದ್ದೇ, ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ, ಜಾರಿಗೆ ಬಂದಿದ್ದು 1976ರ ಏಪ್ರಿಲ್‌ನಲ್ಲಿ. 100 ವರ್ಷ ದಾಟಿದ ವಿಗ್ರಹ, ಚಿತ್ರ ಪುರಾತನ ವಸ್ತು ಅನ್ನಿಸ್ಕೊಳ್ಳತ್ತೆ, ಹಸ್ತಪ್ರತಿಗೆ 75 ವರ್ಷ ಸಾಕು. ಲೋಹ, ಕಲ್ಲು, ಮರದ ಶಿಲ್ಪ, ಕಾಗದ ಬಟ್ಟೆ ಮರದ ಮೇಲಿನ ಚಿತ್ರ, ಚಿತ್ರ ಇರೋ ಹಸ್ತಪ್ರತಿ ಇಂಥವನ್ನ ಮನೆಯವರು ನೋಂದಣಿ ಮಾಡಿಸಿರಬೇಕು, ಆಮೇಲೆ ಮಾಲೀಕರು ಬದಲಾದ್ರೆ ಅದನ್ನೂ ತಿಳಿಸಬೇಕು. ಬಹಳ ಮನೆಗಳಲ್ಲಿ ಇದು ಆಗಿರಲ್ಲ, ಗೊತ್ತೇ ಇರಲ್ಲ ಪಾಪ. ಹೆದರಬೇಡಿ, ರಾಜ್ಯದ ಪುರಾತತ್ವ ಇಲಾಖೆ ನಿಮ್ಮ ಮೈಸೂರಿನಲ್ಲೇ ಇದೆ, ಊರು ಬಿಡೋಕೆ ಮುಂಚೆ ಫೋಟೋ ತಗೊಂಡು ಹೋಗಿ ಕೇಳ್ಕೊಂಡು ಬನ್ನಿ. ಇಂಥ ವಸ್ತು ಕೊಂಡು ಮಾರೋ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ನಿಮ್ಮ ಮನೆಗೆ ಬಂದವರನ್ನ ಅದು ಇದೆಯಾ ಅಂತ ಕೇಳೋದು ನಿಮ್ಮ ಹಕ್ಕು.

ಮಗಳು ರಜಕ್ಕೆ ಬಂದಾಗ ಕೃಷ್ಣನ್ನ ಸೂಟ್‌ಕೇಸಿನಲ್ಲಿ ಇಟ್ಕೊಂಡು ಹೋಗ್ತೀನಿ ಅಂದ್ರೆ ಬೇಡ ಅನ್ನಿ. ಪುರಾತನ ವಸ್ತು ದೇಶದಿಂದ ಆಚೆ ಹೋಗೋ ಹಾಗಿಲ್ಲ. ಹೊಸದೇ ಆದರೂ ಹಳೇದರ ಥರ ಕಾಣೋ ದೀಪ, ವಿಗ್ರಹ ಏರ್‌ಪೋರ್ಟ್‌ನಲ್ಲಿ ತಡೀತಾರೆ, ಅಂಥದಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರ ಹತ್ರ ಇದು ಪುರಾತನ ವಸ್ತು ಅಲ್ಲ ಅಂತ ಸರ್ಟಿಫಿಕೇಟ್ ಮೊದಲೇ ತಗೊಂಡಿರಬೇಕು.

ತಾಳೆಗರಿ ಕಟ್ಟನ್ನ ಮಾತ್ರ ಮಾರೋ ಸಾಲಿನಿಂದ ತೆಗೆದು ಪಕ್ಕಕ್ಕಿಡಿ, ಇದು ನನ್ನ ಕೋರಿಕೆ. ಓದದೇ ಇರೋ ಗರಿಗೆ ಗುಜರಿ ಬೆಲೆ ಕೂಡ ಇಲ್ಲ, ಆದ್ರೆ ಒಳಗೆ ಏನಿದೆಯೋ ಯಾರಿಗೆ ಗೊತ್ತು. ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದೇ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಯಾರೋ ತಂದುಕೊಟ್ಟ ತಾಳೆಗರಿ ಕಟ್ಟಿನಲ್ಲಿ, ಆರ್. ಶಾಮಾಶಾಸ್ತ್ರಿಗಳು ಅದನ್ನ ಓದಿ 1909ರಲ್ಲಿ ಅಚ್ಚು ಹಾಕಿಸಿದ್ರು. ನಿಮ್ಮದು ಬರೀ ಮನೆತನದ ಲೆಕ್ಕ, ಜಾತಕ ಇರಬಹುದು, ಯಾವುದೋ ಕಾವ್ಯದ ಪಾಠ ಇರಬಹುದು, ಅದೇ ಸಂಸ್ಥೆ ಇವತ್ತು ಪ್ರಾಚ್ಯವಿದ್ಯಾ ಸಂಶೋಧನಾಲಯ ಆಗಿ ನಿಮ್ಮೂರಲ್ಲೇ ಇದೆ, ಅಲ್ಲಿ ತೋರಿಸಿ. ಎಣ್ಣೆ ಹಚ್ಚೋದು, ಬಿಸಿಲಿಗೆ ಇಡೋದು, ದಾರ ಬಿಚ್ಚೋದು ಮಾಡಬೇಡಿ.

ಈಗ ಒಡವೆ. ದುಡ್ಡಿನ ಲೆಕ್ಕದಲ್ಲಿ ನಿಮ್ಮ ಮನೇಲಿ ಅತಿ ಹೆಚ್ಚು ಬೆಲೆ ಇರೋದು ಇದಕ್ಕೇ, ಅತಿ ಹೆಚ್ಚು ತಪ್ಪು ಆಗೋದೂ ಇಲ್ಲೇ. ಅಂಗಡಿಗೆ ತಗೊಂಡು ಹೋಗಿ "ಎಷ್ಟು ಬರತ್ತೆ" ಅಂತ ಕೇಳೋದು ಬೆಲೆ ಕಟ್ಟಿಸಿದ ಹಾಗೆ ಅಲ್ಲ. ಮೊದಲು ಶುದ್ಧತೆ ಪರೀಕ್ಷೆ ಬೇರೆ ಕಡೆ ಮಾಡಿಸಿ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಇರೋ ಹಾಲ್‌ಮಾರ್ಕಿಂಗ್ ಸೆಂಟರ್‌ಗಳು ಸಾಮಾನ್ಯ ಜನರ ಒಡವೆಯನ್ನೂ ಪರೀಕ್ಷೆ ಮಾಡಿ ರಿಪೋರ್ಟ್ ಕೊಡ್ತಾರೆ. 2022ರಲ್ಲಿ ಈ ಸೌಲಭ್ಯ ತಂದಾಗ 4 ಒಡವೆವರೆಗೆ 200 ರೂಪಾಯಿ, ಅದಕ್ಕಿಂತ ಜಾಸ್ತಿ ಆದ್ರೆ ಒಂದಕ್ಕೆ 45 ರೂಪಾಯಿ ಅಂತ ಇಟ್ಟಿದ್ರು, ಈಗಿನ ದರ ಅಲ್ಲೇ ಕೇಳಿ. ಲಕ್ಷಗಟ್ಟಲೆ ಬೆಲೆಯ ಒಡವೆಗೆ ಇದು ಏನೂ ಅಲ್ಲ. ಹಳೇ ಒಡವೆಗೆ ಎಚ್‌ಯುಐಡಿ ನಂಬರ್ (ಹಾಲ್‌ಮಾರ್ಕ್ ಜೊತೆ ಒಡವೆ ಮೇಲೆ ಹಾಕೋ ಗುರುತಿನ ಸಂಖ್ಯೆ) ಇಲ್ಲ, ಮಾರೋಕೆ ಆಗಲ್ಲ ಅಂತ ಯಾರಾದ್ರೂ ಹೆದರಿಸಿದ್ರೆ ನಂಬಬೇಡಿ, 2023ರ ಏಪ್ರಿಲ್ 1ರಿಂದ ಆ ನಂಬರ್ ಕಡ್ಡಾಯ ಇರೋದು ಅಂಗಡಿಯವರು ನಮಗೆ ಮಾರೋದಕ್ಕೆ, ನಾವು ನಮ್ಮ ಹಳೇ ಚಿನ್ನ ಅಂಗಡಿಗೆ ಕೊಡೋದಕ್ಕಲ್ಲ.

ಮಷಿನ್‌ನಲ್ಲಿ ಇಟ್ಟು ಎರಡು ನಿಮಿಷದಲ್ಲಿ ತೋರಿಸ್ತಾರಲ್ಲ, ಎಕ್ಸ್‌ಆರ್‌ಎಫ್ ಅನ್ನೋ ಎಕ್ಸ್-ರೇ ಪರೀಕ್ಷೆ, ಅದು ಮೇಲ್ಮೈ ಮಾತ್ರ ಓದತ್ತೆ. ಬೆಸುಗೆ ಇರೋ ಜಾಗದಲ್ಲಿ ಇಟ್ರೆ ಕಮ್ಮಿ ತೋರಿಸತ್ತೆ, ಯಾಕೆ ಅಂದ್ರೆ ಹಳೇ ಬೆಸುಗೆಯಲ್ಲಿ ಚಿನ್ನ ಕಮ್ಮಿ. ಅದಕ್ಕೇ ಎರಡು ಮೂರು ಜಾಗದಲ್ಲಿ ತೋರಿಸಿ ಅನ್ನಿ. ಆಮೇಲೆ ಅರಗಿನ ವಿಷಯ. ಅಡ್ಡಿಕೆ, ಡಾಬು, ವಂಕಿ, ಜಡೆಬಿಲ್ಲೆ ಥರದ ಹಳೇ ಕಲ್ಲಿನ ಒಡವೆಗಳ ಒಳಗೆ ಅರಗು ತುಂಬಿರತ್ತೆ, ತಕ್ಕಡಿಯಲ್ಲಿ 60 ಗ್ರಾಂ ಬಂದ್ರೆ ಅದರಲ್ಲಿ ಕಲ್ಲು ಎಷ್ಟು ಅರಗು ಎಷ್ಟು ಚಿನ್ನ ಎಷ್ಟು ಅಂತ ಬೇರೆ ಮಾಡದೆ ಒಂದು ಅಂದಾಜು ಹೊಡೆದು ಕಳೀತಾರೆ. ಆ ಅಂದಾಜು ಎಷ್ಟು ಅಂತ ಬಾಯಿ ಬಿಟ್ಟು ಕೇಳಿ, ಬರೆಸ್ಕೊಳ್ಳಿ.

ಕೆಂಪು ಕಲ್ಲಿನ ಬಗ್ಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಅಜ್ಜಿ ಕಾಲದ್ದು ಅಂದ್ರೆ ಬರ್ಮಾ ಕೆಂಪೇ ಇರಬೇಕು ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ಆದ್ರೆ ಫ್ರಾನ್ಸಿನ ವೆರ್ನೂಯಿ ಅನ್ನೋರು ಕೃತಕ ಮಾಣಿಕ್ಯ ಮಾಡೋ ವಿಧಾನ ಎಲ್ಲರಿಗೂ ತಿಳಿಸಿದ್ದು 1902ರಲ್ಲಿ, ಹಾಗಾಗಿ ನೂರು ವರ್ಷದ ಒಡವೆಯಲ್ಲೂ ಕೃತಕ ಕೆಂಪು ಇರೋಕೆ ಸಾಧ್ಯ. ಅಂಥ ಕಲ್ಲಿನ ಒಳಗೆ ಭೂತಗನ್ನಡಿಯಲ್ಲಿ ಬಾಗಿದ ಗೆರೆಗಳು ಕಾಣತ್ತೆ. ವಜ್ರದ ಏಳು ಕಲ್ಲಿನ ಓಲೆ ಇದ್ರೆ, ಅದರಲ್ಲೂ ಮನೇಲಿ "ಬ್ಲೂ ಜಾಗರ್" ಅಂತ ಹೇಳ್ಕೊಂಡು ಬಂದಿದ್ರೆ (ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೈನ್ ಗಣಿಯ ಹೆಸರಿಂದ ಬಂದ ಮಾತು ಅದು), ಅದನ್ನ ರತ್ನ ಪರೀಕ್ಷೆ ಲ್ಯಾಬ್‌ನಲ್ಲಿ ತೋರಿಸದೇ ಯಾವ ಅಂಗಡಿಯಲ್ಲೂ ಬಿಡಬೇಡಿ. ಹಿಂಭಾಗ ಮುಚ್ಚಿದ ಕಟ್ಟಿನ ಓಲೆಯಲ್ಲಿ ಕಲ್ಲಿನ ತೂಕ, ಬಣ್ಣ ಸರಿಯಾಗಿ ಗೊತ್ತಾಗಲ್ಲ, ಕಟ್ಟು ಬಿಚ್ಚಿಸಬೇಕಾಗಬಹುದು, ನಿಮ್ಮ ಕಣ್ಣೆದುರಿಗೆ ಆಗಲಿ.

ಚೆನ್ನಾಗಿ ಮಾಡಿದ ಹಳೇ ಅಡ್ಡಿಕೆ, ಜಡೆಬಿಲ್ಲೆಯನ್ನ ಕರಗಿಸೋ ಬೆಲೆಗೆ ಕೊಡೋದು ನನಗೆ ನಿಜಕ್ಕೂ ನೋವಾಗೋ ವಿಷಯ. ಕರಗಿಸೋರು ಚಿನ್ನಕ್ಕೆ ಮಾತ್ರ ದುಡ್ಡು ಕೊಡ್ತಾರೆ, ಕೈಕೆಲಸಕ್ಕೆ ಸೊನ್ನೆ. ಹಳೇ ಒಡವೆಯಾಗಿಯೇ ಕೊಳ್ಳೋರು, ಹರಾಜು ಸಂಸ್ಥೆಗಳು ಬೇರೆ ಇವೆ, ಅವರು ಫೋಟೋ ನೋಡಿ ಮೊದಲ ಅಂದಾಜು ಹೇಳ್ತಾರೆ. ಬೆಳ್ಳಿಯಲ್ಲಿ ಜರ್ಮನ್ ಸಿಲ್ವರ್ ಬೇರೆ ಮಾಡಿ ಇಟ್ಕೊಳ್ಳಿ, ಹೆಸರಲ್ಲಿ ಬೆಳ್ಳಿ ಇದ್ರೂ ಅದು ತಾಮ್ರ ನಿಕಲ್ ಸತುವಿನ ಮಿಶ್ರಣ.

ಚಿತ್ರಗಳಿಗೆ ಬರೋಣ. ವ್ಯಾಪಾರಿ ಕಣ್ಣಿಟ್ಟಿರೋದು ಪಟ್ಟಾಭಿಷೇಕದ ಮೇಲೆ ಮತ್ತೆ ಪ್ರಿಂಟ್‌ಗಳ ಮೇಲೆ ಅನ್ನೋದು ನನ್ನ ಅಂದಾಜು. ಹಳೇ ಮೈಸೂರು ಚಿತ್ರದಲ್ಲಿ ಗೆಸ್ಸೋ ಅಂತೀವಲ್ಲ, ಉಬ್ಬು ಕೆಲಸ, ಅದು ತೀರಾ ತೆಳು, ಅದರ ಮೇಲೆ ಅಪ್ಪಟ ಚಿನ್ನದ ರೇಕು. ತಂಜಾವೂರಿನದ್ದಾದ್ರೆ ಉಬ್ಬು ದಪ್ಪ, ಗಾಜಿನ ಕಲ್ಲು ಕೂರಿಸಿರ್ತಾರೆ. ಮನೇಲಿ ಇದ್ದಿದ್ದಕ್ಕೆಲ್ಲ ತಂಜಾವೂರು ಅಂತ ಹೆಸರು ಹೇಳಿ ಬೆಲೆ ಹೇಳಿದ್ರೆ ಅವರಿಗೆ ವಿಷಯ ಗೊತ್ತಿಲ್ಲ ಅಂತ ಅರ್ಥ. ಗಾಜು ತೆಗೀಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಹೊಸ ಫ್ರೇಮ್ ಹಾಕಿಸಬೇಡಿ. ಹಿಂದಿನ ಹಲಗೆಯ ಮೇಲೆ ಫ್ರೇಮ್ ಅಂಗಡಿಯ ಚೀಟಿ, ಯಾರದೋ ಕೈಬರಹ ಇದ್ರೆ ಅದೂ ಬೆಲೆಯ ಭಾಗ, ಅದರದ್ದೂ ಫೋಟೋ ತೆಗೆದಿಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಮೈಸೂರು ಚಿತ್ರಗಳ ಒಳ್ಳೇ ಸಂಗ್ರಹ ಇದೆ, ಒಂದು ಸಲ ಹೋಗಿ ನೋಡಿದ್ರೆ ನಿಮ್ಮದು ಯಾವ ಮಟ್ಟದ ಕೆಲಸ ಅಂತ ನಿಮ್ಮ ಕಣ್ಣಿಗೇ ಅರ್ಧ ಗೊತ್ತಾಗತ್ತೆ.

ರವಿವರ್ಮನ ಪೇಂಟಿಂಗ್ ಬೇರೆ, ಪ್ರಿಂಟ್ ಬೇರೆ. ಅವರ ಪೇಂಟಿಂಗ್‌ಗಳು 1979ರಿಂದ ರಾಷ್ಟ್ರೀಯ ಕಲಾ ಸಂಪತ್ತು, ನಿಮ್ಮ ಹತ್ರ ಇರೋದು 1894ರಲ್ಲಿ ಬೊಂಬಾಯಿಯಲ್ಲಿ ಶುರುವಾಗಿ ಆಮೇಲೆ ಲೋಣಾವಳ ಹತ್ತಿರಕ್ಕೆ ಹೋದ ಪ್ರೆಸ್‌ನಲ್ಲಿ ಅಚ್ಚಾದ ಓಲಿಯೋಗ್ರಾಫ್ (ಎಣ್ಣೆಬಣ್ಣದ ಚಿತ್ರದ ಥರ ಕಾಣೋ ಹಳೇ ಬಣ್ಣದ ಪ್ರಿಂಟ್) ಇರಬಹುದು, ಇಲ್ಲ ಆಮೇಲೆ ಬಂದ ಕ್ಯಾಲೆಂಡರ್ ಪ್ರಿಂಟ್ ಇರಬಹುದು. ಭೂತಗನ್ನಡಿ ಹಿಡಿದು ನೋಡಿ, ಸಾಲಾಗಿ ಒಂದೇ ಅಳತೆಯ ಚುಕ್ಕಿಗಳು ಕಂಡ್ರೆ ಅದು ಆಮೇಲಿನ ಆಫ್‌ಸೆಟ್ ಮಷಿನ್ ಅಚ್ಚು. ಕೆಳಗಿನ ಅಂಚಿನಲ್ಲಿ ಪ್ರೆಸ್‌ನ ಹೆಸರು ಉಳಿದಿದ್ರೆ ಬೆಲೆ ಜಾಸ್ತಿ, ಫ್ರೇಮ್‌ಗೆ ಹೊಂದಿಸೋಕೆ ಅಂಚು ಕತ್ತರಿಸಿದ್ರೆ ಕಮ್ಮಿ. ಲಕ್ಷ್ಮಿಗೆ ಸರಸ್ವತಿಗೆ ಬಟ್ಟೆ, ಜರಿ, ಮಣಿ ಅಂಟಿಸಿ ಅಲಂಕಾರ ಮಾಡಿದ್ದಿದ್ರೆ ಅದನ್ನ ಕಿತ್ತು ಶುದ್ಧ ಮಾಡೋಕೆ ಹೋಗಬೇಡಿ, ಅದನ್ನೇ ಹುಡುಕೋ ಸಂಗ್ರಾಹಕರಿದಾರೆ.

ಹಂಡೆ, ಕೊಳಗ, ಪಾತ್ರೆ ಎಲ್ಲ ತೂಕದ ಲೆಕ್ಕ. ಕಂಚು, ತಾಮ್ರ, ಹಿತ್ತಾಳೆ ಮೂರನ್ನೂ ಬೇರೆ ಬೇರೆ ತೂಗಿಸಿ, ಒಟ್ಟಿಗೆ ಹಾಕಿದ್ರೆ ಕಮ್ಮಿ ದರದ್ದೇ ಎಲ್ಲದಕ್ಕೂ ಹಾಕ್ತಾರೆ. ಮಂಚ ಬೀರುಗಳಿಗೆ ನೀವು ಅಂದ್ಕೊಂಡಷ್ಟು ಬರಲ್ಲ, ಈಗಿನ ಫ್ಲಾಟ್‌ಗಳ ಲಿಫ್ಟ್‌ನಲ್ಲಿ ಹಿಡಿಯದೇ ಇರೋದಕ್ಕೆ ಕೊಳ್ಳೋರು ಕಮ್ಮಿ. ಹಳೇ ಬೆಳ್ಳಿ ರೂಪಾಯಿ ಇದ್ರೆ ತೊಳೀಬೇಡಿ. ವಿಕ್ಟೋರಿಯಾ ರಾಣಿಯದ್ದು 11.66 ಗ್ರಾಂ ತೂಕ, ನೂರಕ್ಕೆ 91.7 ಭಾಗ ಬೆಳ್ಳಿ, 1940ರಿಂದ 1945ರವರೆಗಿನದ್ದರಲ್ಲಿ ಬೆಳ್ಳಿ ಅರ್ಧ ಮಾತ್ರ. ನಿಮ್ಮ ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತೀವಿ, ಮೊದಲು ಫೀ ಕಟ್ಟಿ ಅಂತ ಫೋನ್ ಬಂದ್ರೆ ಇಟ್ಟುಬಿಡಿ, ರಿಸರ್ವ್ ಬ್ಯಾಂಕೇ 2021ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ವಾಚುಗಳನ್ನ ರಿಪೇರಿಗೆ ಕೊಡೋಕೆ ಮುಂಚೆ ಸಂಗ್ರಾಹಕರಿಗೆ ತೋರಿಸಿ. ಎಚ್‌ಎಂಟಿ ವಾಚ್ ಘಟಕ 2016ರಲ್ಲಿ ಮುಚ್ಚಿದ ಮೇಲೆ ಜನತಾ, ಪೈಲಟ್ ಥರದ ಕೀ ಕೊಡೋ ವಾಚಿಗೆ ಬೇಡಿಕೆ ಇದೆ, ಆದ್ರೆ ಮೂಲ ಡಯಲ್ ಇದ್ರೆ ಮಾತ್ರ, ಹೊಸ ಬಣ್ಣ ಹೊಡೆಸಿದ್ರೆ ಹೋಯ್ತು.

ಜರಿ ಸೀರೆಯನ್ನ ಬೀದಿಯಲ್ಲಿ ಕೂಗ್ಕೊಂಡು ಬರೋರಿಗೆ ಕೊಡಬೇಡಿ. ಅವರು ಅದನ್ನ ಸುಟ್ಟು ಬೆಳ್ಳಿ ತೆಗೀತಾರೆ, ನಿಮಗೆ ಕೊಡೋದು ಅದರ ಒಂದು ಪಾಲು. ಅಪ್ಪಟ ಜರಿ ಅಂದ್ರೆ ಬೆಳ್ಳಿ ಎಳೆ, ಮೇಲೆ ಚಿನ್ನದ ಲೇಪ, ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಮೈಸೂರು ಸಿಲ್ಕ್‌ನ ಜರಿಯಲ್ಲಿ ಬೆಳ್ಳಿ ನೂರಕ್ಕೆ 65 ಭಾಗ, ಚಿನ್ನ 0.65 ಭಾಗ. ಮೊದಲು ಮಗಳು, ಸೊಸೆ, ಮೊಮ್ಮಕ್ಕಳನ್ನ ಕೇಳಿ.

ಯಾರನ್ನ ಕೇಳಬೇಕು ಅಂದ್ರಲ್ಲ. ಒಡವೆಗೆ ಮತ್ತೆ ಕಲಾವಸ್ತುಗಳಿಗೆ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಂಡ ವ್ಯಾಲ್ಯುಯರ್‌ಗಳು ಬೇರೆ ಬೇರೆ ಇರ್ತಾರೆ, ಒಬ್ಬರೇ ಎರಡೂ ನೋಡ್ತೀನಿ ಅಂದ್ರೆ ಅವರ ನೋಂದಣಿ ಯಾವ ವರ್ಗದ್ದು ಕೇಳಿ. ಫೀ ಎಷ್ಟು ಅಂತ ಮೊದಲೇ ಬರೆಸ್ಕೊಳ್ಳಿ, "ಈ ವಸ್ತುಗಳನ್ನ ನಾನು ಕೊಳ್ಳಲ್ಲ, ನನ್ನ ಕಡೆಯವರೂ ಕೊಳ್ಳಲ್ಲ" ಅಂತ ಒಂದು ಸಾಲು ರಿಪೋರ್ಟ್‌ನಲ್ಲಿ ಇರಲಿ. ಅದಕ್ಕೆ ಒಪ್ಪದೇ ಇದ್ರೆ ಬೇರೆಯವರನ್ನ ನೋಡಿ. ಪ್ರತಿ ವಸ್ತುವಿಗೂ ಫೋಟೋ, ಅಳತೆ, ತೂಕ, ಸ್ಥಿತಿ, ಬೆಲೆಗೆ ಕಾರಣ ಇಷ್ಟು ಇರಬೇಕು, ಬರೀ ಹೆಸರು ಮುಂದೆ ರೂಪಾಯಿ ಬರೆದಿದ್ದು ರಿಪೋರ್ಟ್ ಅಲ್ಲ.

ಈ ರಿಪೋರ್ಟ್ ಟ್ಯಾಕ್ಸ್‌ಗೂ ಬೇಕು. ಮಂಚ, ಪಾತ್ರೆ, ಬಟ್ಟೆ ಮಾರಿದ್ದಕ್ಕೆ ಟ್ಯಾಕ್ಸ್ ಇಲ್ಲ, ಸ್ವಂತ ಬಳಕೆಯ ವಸ್ತು ಅಂತ ಬಿಟ್ಟಿದಾರೆ. ಒಡವೆ, ಚಿತ್ರ, ಶಿಲ್ಪ ಆ ಸಾಲಿಗೆ ಸೇರಲ್ಲ, ಲಾಭದ ಮೇಲೆ ಟ್ಯಾಕ್ಸ್ ಬರತ್ತೆ, ಎರಡು ವರ್ಷಕ್ಕಿಂತ ಜಾಸ್ತಿ ನಿಮ್ಮ ಹತ್ರ ಇದ್ದ ವಸ್ತುವಿಗೆ 2024ರ ಜುಲೈ 23ರಿಂದ ನೂರಕ್ಕೆ 12.5. 2001ರ ಏಪ್ರಿಲ್ 1ಕ್ಕಿಂತ ಮುಂಚೆ ಮನೆಗೆ ಬಂದಿದ್ದಾದ್ರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಅಂತ ತೋರಿಸಬಹುದು, ಅದಕ್ಕೆ ವ್ಯಾಲ್ಯುಯರ್ ಹತ್ರ ಇವತ್ತಿನ ಬೆಲೆ ಜೊತೆ ಆ ದಿನದ ಬೆಲೆಯನ್ನೂ ಒಂದೇ ಸಲಕ್ಕೆ ಬರೆಸಿಬಿಡಿ. ಮಕ್ಕಳಿಗೆ ಕೊಟ್ರೆ ಕೊಟ್ಟವರಿಗೂ ತಗೊಂಡವರಿಗೂ ಆಗ ಟ್ಯಾಕ್ಸ್ ಇಲ್ಲ, ಮುಂದೆ ಅವರು ಮಾರಿದಾಗ ನೀವು ಕೊಂಡ ಬೆಲೆಯೇ ಅವರು ಕೊಂಡ ಬೆಲೆ ಆಗತ್ತೆ, ಹಾಗಾಗಿ ರಿಪೋರ್ಟ್ ನಕಲು ಅವರ ಹತ್ರಾನೂ ಇರಲಿ. ಮಾರಿದ್ದಕ್ಕೆ ದುಡ್ಡು ಬ್ಯಾಂಕ್‌ಗೇ ಹಾಕಿಸಿ, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಒಬ್ಬರಿಂದ ತಗೊಳ್ಳೋ ಹಾಗಿಲ್ಲ, ತಗೊಂಡ್ರೆ ದಂಡ ಬೀಳೋದು ತಗೊಂಡವರಿಗೆ.

ಹಂಚೋ ವಿಷಯದಲ್ಲಿ, ಅಮ್ಮಾ, ನಿಮ್ಮ ಒಡವೆ ನಿಮ್ಮದು. ತವರಿಂದ ಬಂದಿದ್ದು, ಮದುವೆಗೆ ಕೊಟ್ಟಿದ್ದು ಸ್ತ್ರೀಧನ, ಅದರ ಮೇಲೆ ಯಜಮಾನ್ರಿಗಾಗಲೀ ಮಗನಿಗಾಗಲೀ ಹಕ್ಕಿಲ್ಲ, ಯಾರಿಗೆ ಯಾವಾಗ ಕೊಡಬೇಕು, ಕೊಡಬೇಕಾ ಬೇಡ್ವಾ ಅನ್ನೋದು ಪೂರ್ತಿ ನಿಮ್ಮ ಇಷ್ಟ. ಪೂರ್ತಿ ಈಗಲೇ ಕೊಟ್ಟು ಕೈ ಖಾಲಿ ಮಾಡ್ಕೋಬೇಡಿ, ಆಸ್ಪತ್ರೆ ಖರ್ಚಿಗೆ ಅಂತ ಒಂದಷ್ಟು ಚಿನ್ನ ನಿಮ್ಮ ಹೆಸರಿನ ಲಾಕರ್‌ನಲ್ಲೇ ಇರಲಿ. ಹಂಚೋದಾದ್ರೆ ಚಿನ್ನವನ್ನ ರೂಪಾಯಿ ಲೆಕ್ಕದಲ್ಲಿ ಹಂಚಬೇಡಿ, ಇವತ್ತಿನ ದರ ನಾಳೆ ಇರಲ್ಲ, ಮಗನಿಗೆ ಈ ವರ್ಷ ಕೊಟ್ಟು ಮಗಳಿಗೆ ಮುಂದಿನ ವರ್ಷ ಕೊಟ್ರೆ ಒಬ್ಬರಿಗೆ ಮೋಸ ಆದ ಹಾಗೆ ಕಾಣತ್ತೆ. ಪರೀಕ್ಷೆ ರಿಪೋರ್ಟ್ ಪ್ರಕಾರ ಅಪ್ಪಟ ಚಿನ್ನ ಎಷ್ಟು ಗ್ರಾಂ ಅನ್ನೋದರ ಮೇಲೆ ಸಮ ಮಾಡಿ. ಚಿತ್ರ, ಟೇಬಲ್, ವಿಗ್ರಹಕ್ಕೆ ಮೊದಲು ಇಬ್ಬರನ್ನೂ ಯಾವುದು ಬೇಕು ಅಂತ ಬೇರೆ ಬೇರೆಯಾಗಿ ಬರೆದು ಕೊಡೋಕೆ ಹೇಳಿ, ಬೆಲೆ ತೋರಿಸೋದು ಆಮೇಲೆ. ಬೆಲೆ ಮೊದಲು ನೋಡಿದ್ರೆ ಇಷ್ಟ ಇರೋ ವಸ್ತು ಬಿಟ್ಟು ದುಬಾರಿ ವಸ್ತು ಕೇಳ್ತಾರೆ. ನೀವು ಬದುಕಿರೋವರೆಗೂ ನಿಮ್ಮ ಹತ್ರಾನೇ ಇರಬೇಕು ಅನ್ನೋದನ್ನ ವಿಲ್‌ನಲ್ಲಿ ಬರೀರಿ, ಇಬ್ಬರು ಸಾಕ್ಷಿ ಸಹಿ ಬೇಕೇ ಬೇಕು, ರಿಜಿಸ್ಟರ್ ಕಡ್ಡಾಯ ಅಲ್ಲ ಆದ್ರೂ ಮಾಡಿಸಿದ್ರೆ ಒಳ್ಳೇದು. ವಿಲ್‌ನಲ್ಲಿ "ನನ್ನ ಒಡವೆಗಳು" ಅಂತ ಒಂದೇ ಮಾತಲ್ಲಿ ಬರೀಬೇಡಿ, ವ್ಯಾಲ್ಯುಯರ್ ರಿಪೋರ್ಟ್‌ನ ಕ್ರಮಸಂಖ್ಯೆ ಹಾಕಿ ಯಾವ ಅಡ್ಡಿಕೆ ಯಾರಿಗೆ ಅಂತ ಬರೀರಿ.